ನೆರಳೂ ಬೆವೆತ ಕೋಣೆ

ನೆತ್ತಿಯ ಮೇಲೆ ಬಿಸಿ, ಅಂಗೈಯಗಲದ ಬಿಸಿ, ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ತಲೆಯ ಹಿಂದೆಯೇ ನಿಂತ ಹಾಗೆ — ಹ್ಞಾ, ಬಿಸಿ ಅಂದರೆ ಇದು, ಇದೇ ಬಲ್ಬಿನ ಕೆಳಗೆ ಹೋದ ಬೇಸಿಗೆಯಲ್ಲಿ ಅವನ ನೆರಳು ಬೆವೆತಿತ್ತು, ಅವನಲ್ಲ, ನೆರಳು, ಗೋಡೆಯ ಮೇಲೆ ಬಿದ್ದಿದ್ದ ನೆರಳಿನ ಹಣೆಯಿಂದ ನೀರಿಳಿದು ಮೂಲೆಯಲ್ಲಿ ಮಡುಗಟ್ಟಿತು, ಅವನು ಒರೆಸುಬಟ್ಟೆ ತಂದು ಮೂರು ಸಲ ಗೋಡೆ ಒರೆಸಿದ, ಮೂರನೇ ಸಲಕ್ಕೆ ನೆರಳು ಸಾಕಪ್ಪಾ ನಿನ್ನ ಸಹವಾಸ ಅಂತ ಎದ್ದುಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತಿತು, ಸಾಯಂಕಾಲದವರೆಗೆ ಅವನು ನೆರಳಿಲ್ಲದೆ ಕೆಲಸ ಮಾಡಿದ — ಇದನ್ನು ಹೆಂಡತಿಗೆ ಹೇಳಿದ್ದಾನೆ, ಹಲ್ಲಿನ ಡಾಕ್ಟರಮ್ಮನಿಗೆ ಹೇಳಿದ್ದಾನೆ, ಬೀದಿಯ ಕೊನೆಯ ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡೇ ಹೇಳಿದ್ದಾನೆ, ಯಾರೂ ನಂಬಲಿಲ್ಲ, ನಂಬಲಿ ಅಂತ ಹೇಳಿದ್ದೂ ಅಲ್ಲ, ಆ ಕೋಣೆಯಲ್ಲಿ ಬಿಸಿ ಇದೆ ಅನ್ನುವಷ್ಟನ್ನು ನಂಬಿದರೆ ಸಾಕಿತ್ತು, ಅಷ್ಟನ್ನು ಎಲ್ಲರೂ ನಂಬಿದರು, ಅದೇ ಈಗ ಕುತ್ತಿಗೆಗೆ ಬಂದಿರೋದು. ಗಂಟೆ ಮೂರು. ನಾಲ್ಕಕ್ಕೆ ಅಕ್ಕ ಬರುತ್ತಾಳೆ. ಎದುರಿಗೆ ಮೇಜಿನ ಮೇಲೆ ಅಕ್ಕನ ದವಡೆ, ಅಂದರೆ ಅವಳ ಬಾಯಿಂದ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದದ್ದು, ಮೇಲಿನದು ಕೆಳಗಿನದು ಎರಡೂ, ಬಾಯಿಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆ ಚೌಕಟ್ಟಿಗೆ ಸಿಕ್ಕಿಸಿದ್ದು, ಅದರ ಮೇಲೆ ಗುಲಾಬಿ ಮೇಣದ ವಸಡು, ವಸಡಿನಲ್ಲಿ ನೆಟ್ಟ ಇಪ್ಪತ್ತೆಂಟು ಹಲ್ಲು — ಇವತ್ತು ಮೇಣದಲ್ಲೇ ಬಾಯಿಗಿಟ್ಟು ನೋಡೋದು, ಸರಿ ಇದ್ದರೆ ನಾಳೆ ಮೇಣ ಕರಗಿಸಿ ಅದರ ಜಾಗಕ್ಕೆ ಗಟ್ಟಿಯದನ್ನು ತುಂಬೋದು, ಆಮೇಲೆ ತಿದ್ದೋಕೆ ಬರಲ್ಲ, ಆಮೇಲೆ ಅದು ಅಕ್ಕನ ಬಾಯಿ. ಮೇಲ್ದವಡೆಯ ಪ್ಲಾಸ್ಟರಿನ ಮೇಲೆ ಡಾಕ್ಟರಮ್ಮ ಸ್ಕೇಲಿಟ್ಟು ಎಳೆದ ಪೆನ್ಸಿಲ್ ಗೆರೆ, ನಡುಗೆರೆ, ಮೂಗಿನ ನೇರಕ್ಕೆ, ಅದರ ಆಚೆಗೊಂದು ಈಚೆಗೊಂದು ಮುಂದಿನ ದೊಡ್ಡ ಹಲ್ಲು ಕೂರಬೇಕು, ಇಡೀ ಮುಖ ಆ ಒಂದು ಗೆರೆಯ ಮೇಲೆ ನಿಂತಿರೋದು — ಆ ಗೆರೆ ಮೇಲಿಂದ ನೆಟ್ಟಗೆ ಬಂದು, ನಡುವಲ್ಲಿ, ಯಾರೋ ಬೆರಳಿಂದ ಒತ್ತಿದ ಹಾಗೆ, ಒಳಕ್ಕೆ. ಬಿಸಿ. ಬಿಸಿಗೆ ಹಾಗೆ ಕಾಣೋದು, ಮಧ್ಯಾಹ್ನದ ಟಾರು ರಸ್ತೆ ನಡುಗಲ್ವಾ, ಹಾಗೆ.

ಬಲ್ಬು ಎಲ್ಲಿತ್ತು ಅಂದರೆ ಮೇಣದ ಹಾಳೆಗಳ ಡ್ರಾಯರಿನ ತಳದಲ್ಲಿ, ಹಳೇ ಬನಿಯನ್ನಿನಲ್ಲಿ ಸುತ್ತಿ, ಇನ್ನೂರು ವ್ಯಾಟಿನದು, ಕೋಣೆಯ ದೀಪ ಬದಲಿಸಿದಾಗ ಉಳಿದದ್ದನ್ನೆಲ್ಲ ಮಗಳು ಚೀಲಕ್ಕೆ ತುಂಬಿಕೊಂಡು ಹೋದಳು, ಇದೊಂದನ್ನು ಅವನು ಕದ್ದ, ತನ್ನ ಮನೆಯಲ್ಲಿ ತನ್ನ ಬಲ್ಬನ್ನೇ ಕದ್ದ ಮಹಾಶೂರ, ಹೋಲ್ಡರನ್ನು ಕೀಳೋಕೆ ಅವಳು ಮರೆತಿದ್ದಳು, ಸರಿ, ತಿರುಗಿಸಿ ಹಾಕಿ ಸ್ವಿಚ್ಚು ಒತ್ತಿದ್ದು ಎರಡೂವರೆಗೆ, ಅರ್ಧ ಗಂಟೆಯಿಂದ ಅಕ್ಕನ ಹಲ್ಲನ್ನು ಬೇಯಿಸುತ್ತಾ ಕೂತಿದ್ದಾನೆ — ಕರಗು, ಕರಗೇ ಮಾರಾಯ್ತಿ, ಒಂದೇ ಒಂದು ಹಲ್ಲು ಜಾರಲಿ, ಜಾರಿದ ಕೂಡಲೇ ಬಲ್ಬು ಕಿತ್ತು ಡ್ರಾಯರಿಗೆ ಹಾಕಿ ಕೈ ಕಟ್ಟಿಕೊಂಡು ನಿಲ್ಲುತ್ತಾನೆ, ಅಯ್ಯೋ ಅಕ್ಕ ನೋಡು, ಇಷ್ಟೆಲ್ಲ ಮಾಡಿದರೂ ಬಿಸಿ ಹೋಗಲಿಲ್ಲ, ಮತ್ತೆ ಕೆಟ್ಟಿತು. ಊರಿಗೆಲ್ಲ ಹಲ್ಲು ಮೇಸ್ತ್ರಿ ಅವನು, ಡಾಕ್ಟರಮ್ಮನ ಬೋರ್ಡಿಗಿಂತ ಅವನ ಹೆಸರು ದೊಡ್ಡದು, ಬೋರ್ಡೇ ಇಲ್ಲದಿದ್ದರೂ, ಅವನ ಕೈಯ ಹಲ್ಲುಸೆಟ್ಟು ಹಾಕಿಕೊಂಡ ಮುದುಕನೊಬ್ಬ ಕೋಪ ಬಂದು ಗೇಟಿನ ಸರಳು ಕಚ್ಚಿ ತುಂಡು ಮಾಡಿದ್ದ, ಇನ್ನೊಬ್ಬಳು ಸೆಟ್ಟು ತೆಗೆದು ಲೋಟಕ್ಕೆ ಹಾಕಿದರೆ ಲೋಟದೊಳಗಿಂದಲೇ ಸೊಸೆಯನ್ನು ಬೈಯುತ್ತಿತ್ತು, ಮೂವತ್ತೊಂಬತ್ತು ವರ್ಷ, ಒಂದೂ ವಾಪಸು ಬಂದಿರಲಿಲ್ಲ. ಮೊದಲು ಅರವತ್ತರ ಬಲ್ಬಿತ್ತು, ಅದರಲ್ಲೇ ಎಲ್ಲ ಮುಗಿಯುತ್ತಿತ್ತು, ಆಮೇಲೆ ಯಾಕೋ ಮಂಕು ಅನ್ನಿಸಿ ನೂರು ಹಾಕಿದ, ಆಮೇಲೆ ಇನ್ನೂರು, ಆಮೇಲೆ ಇನ್ನೂರರದ್ದೇ ಮೂರು, ಹೆಂಡತಿ ಬಾಗಿಲಿಗೆ ಬಂದು ರೀ ಇದೇನು ಹಲ್ಲು ಕಟ್ಟೋ ಕೋಣೆಯೋ ಇಟ್ಟಿಗೆ ಗೂಡೋ ಅಂದಳು, ಒಳಗೆ ಬಂದರೆ ಹೊಸ್ತಿಲಲ್ಲೇ ಸೆಕೆ ಮುಖಕ್ಕೆ ಹೊಡೆಯುತ್ತಿತ್ತು, ಆಗಲೇ ಡಾಕ್ಟರಮ್ಮ ಒಂದು ಸೆಟ್ಟು ತಿರುಗಿಸಿ ಕಳಿಸಿದ್ದು, ಮೇಸ್ತ್ರಿಗಳೇ ಮುಂದಿನ ಹಲ್ಲು ಎಡಕ್ಕೆ ಹೋಗಿದೆ, ಆಮೇಲೆ ಇನ್ನೊಂದು, ಕಚ್ಚಿದರೆ ಬಲಗಡೆ ಮಾತ್ರ ಕೂರುತ್ತೆ, ಮೂರನೆಯದು ಬಂದ ದಿನ ಅವನ ಬಾಯಿಂದ ತಾನಾಗಿ ಜಾರಿತು, ಬಿಸಿ ಡಾಕ್ಟರಮ್ಮ, ದೀಪದ ಬಿಸಿ, ನಾನು ನೆಟ್ಟಗೇ ಕೂರಿಸಿರ್ತೀನಿ, ಮೇಣ ಮೆತ್ತಗಾಗಿ ಹಲ್ಲು ನಡೆದುಬಿಡುತ್ತೆ, ನಡೆಯುತ್ತೆ ಅಂದರೆ ಏನಂದ್ಕೊಂಡ್ರಿ, ಮೊನ್ನೆ ಒಂದು ದವಡೆಹಲ್ಲು ನಡಕೊಂಡು ಕಿಟಕಿ ತನಕ ಹೋಗಿತ್ತು. ಅವರು ನಕ್ಕರು. ನಕ್ಕು, ಹಾಗಾದರೆ ಬಿಸಿ ಕಡಿಮೆ ಮಾಡಿಕೊಳ್ಳಿ, ಅಲ್ಲೀವರೆಗೆ ಬೇರೆ ಕಡೆ ಕೊಡ್ತೀನಿ, ನಿಮ್ಮಕ್ಕನ ಸೆಟ್ಟೊಂದು ಮುಗಿಸಿ, ಅದು ಸರಿ ಬಂದರೆ ಎಲ್ಲ ಮೊದಲಿನ ಹಾಗೆ.

ಕಡಿಮೆ ಮಾಡಿಕೊಳ್ಳಿ ಅಂದದ್ದು ಮಗಳ ಕಿವಿಗೆ ಬಿತ್ತು, ಅದೇ ಎಡವಟ್ಟು, ಅವಳ ಕೆಲಸವೇ ಅಂಗಡಿ ಕಿಟಕಿಗಳಿಗೆ ದೀಪ ಕೂರಿಸೋದು, ಗೊಂಬೆಗೆ ಹಾಕಿದ ರೇಷ್ಮೆ ಸುಡಬಾರದು ಬಣ್ಣ ಮಾತ್ರ ಬೆಳಗಬೇಕು ಅನ್ನೋ ಜಾತಿಯ ದೀಪ, ಏಣಿ ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟಳು — ಅಪ್ಪ, ಈ ಹಳೇ ಬಲ್ಬು ತಿನ್ನೋ ಕರೆಂಟಲ್ಲಿ ಹತ್ತು ಪಾಲಿಗೆ ಒಂಬತ್ತು ಪಾಲು ಬಿಸಿಯೇ, ನೀನು ಬೆಳಕು ಹಾಕ್ಕೊಂಡಿಲ್ಲ, ಒಲೆ ಹಾಕ್ಕೊಂಡು ಕೂತಿದೀಯ. ಅವನು ಅಂದ, ಎಲ್‌ಇಡಿ ಬೆಳಕಲ್ಲಿ ಹಲ್ಲಿನ ಬಣ್ಣ ಸುಳ್ಳು ಹೇಳುತ್ತೆ ಕಣಮ್ಮ, ಹಳದಿ ಬಿಳಿ ಗೊತ್ತಾಗಲ್ಲ, ಅವಳು ಮರುವಾರ ಬಣ್ಣ ಸರಿಯಾಗಿ ತೋರಿಸೋ ಎಲ್‌ಇಡಿ ಪಟ್ಟಿಯನ್ನೇ ಹುಡುಕಿ ತಂದಳು, ಅಲ್ಯೂಮಿನಿಯಮ್ ಚಾನೆಲ್ಲಿನೊಳಗೆ ಕೂರಿಸಿ ಶೆಲ್ಫಿನ ಕೆಳಗೆ ಹೊಡೆದಳು, ಇದ್ದಬದ್ದ ಬಿಸಿಯನ್ನೂ ಲೋಹ ಎಳಕೊಳ್ಳುತ್ತೆ ಅಂತ, ಪಟ್ಟಿಗೆ ಕರೆಂಟು ಕೊಡೋ ಡಬ್ಬಿ ಬಿಸಿಯಾಗುತ್ತಲ್ಲ ಅಂದರೆ ಗೋಡೆಗೆ ತೂತು ಕೊರೆದು ಡಬ್ಬಿಯನ್ನೇ ಆಚೆಗೆ ಸಾಗಿಸಿದಳು, ಬಿಸಿಗಾಳಿ ತೆಗೆಯೋ ಫ್ಯಾನಿಗೆ ನನ್ನ ಮೇಣ ಕಾಯಿಸೋ ಸ್ಪಿರಿಟ್ ದೀಪ ಆರಿಹೋಗುತ್ತೆ ಅಂದರೆ ಫ್ಯಾನನ್ನು ಸೂರಿನ ಹತ್ತಿರ ಕೂರಿಸಿ ದೀಪಕ್ಕೆ ತಗಡಿನ ಮರೆ ಕಟ್ಟಿದಳು, ಪಡುವಣ ಕಿಟಕಿಯ ಬಿಸಿಲಿಗೆ ಹೊರಗಡೆಯಿಂದ ಬಿಳಿ ಹಲಗೆ, ಗೋಡೆಗೆ ಬಿಳಿ ಬಣ್ಣ, ಗೋಡೆಯೇ ಬೆಳಕು ವಾಪಸು ಕೊಟ್ಟರೆ ದೀಪ ಕಡಿಮೆ ಸಾಕು ಅಪ್ಪ — ಒಂದೊಂದು ಮೊಳೆ ಹೊಡೆದಾಗಲೂ ಕೋಣೆ ಒಂದೊಂದು ಗುಟುಕು ತಂಪಾಗುತ್ತಿತ್ತು, ಒಂದೊಂದು ಮೊಳೆಗೂ ಅವನ ಬೆನ್ನಹುರಿ ತಣ್ಣಗಾಗುತ್ತಿತ್ತು, ಏಣಿ ಹಿಡಿದುಕೊಂಡು ನಿಂತಿದ್ದ, ಮಗಳು ಮೇಲಿಂದ ಸ್ಕ್ರೂ ಕೊಡಪ್ಪ ಅಂದರೆ ಕೊಡುತ್ತಿದ್ದ, ತನಗೆ ಗುಂಡಿ ತೋಡುವವಳಿಗೆ ತಾನೇ ಪಿಕಾಸಿ ಎತ್ತಿಕೊಡುವ ಹಾಗೆ, ಕೊನೆಗೆ ಅವಳು ಇಳಿದು ಕೈ ಝಾಡಿಸಿ ಮೇಜಿನ ಮೂಲೆಗೆ ಒಂದು ಥರ್ಮಾಮೀಟರು ಅಂಟಿಸಿದಳು, ಇನ್ನು ನಿನ್ನ ಮೇಣ ಕರಗಲಿ ನೋಡೋಣ. ಇಪ್ಪತ್ತನಾಲ್ಕು ಡಿಗ್ರಿ. ಹೆಂಡತಿ ಒಳಗೆ ಬಂದು ಅಬ್ಬಾ ಅಂತ ಸ್ಟೂಲೆಳೆದು ಕೂತಳು, ಮದುವೆಯಾದ ಮೇಲೆ ಈ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಅವನು ಜೋರಾಗಿ ನಕ್ಕು, ಇಷ್ಟು ತಂಪಿಗೆ ನಾಳೆ ಹಲ್ಲುಗಳೆಲ್ಲ ಕಂಬಳಿ ಕೇಳ್ತವೆ ಅಂದ, ಎಲ್ಲರೂ ನಕ್ಕರು, ನಗುವಿನ ಮಧ್ಯೆ ಅವನ ಕಣ್ಣು ಬಾಗಿಲ ಚೌಕಟ್ಟಿಗೆ ಹೋಯಿತು, ಚೌಕಟ್ಟಿನ ಮರ ನೆಟ್ಟಗೆ ಇಳಿದು ಬಂದು ನಡುವಲ್ಲಿ ಒಳಕ್ಕೆ.

ಅಕ್ಕ ಬೇರೆ ಡಾಕ್ಟರ ಹತ್ತಿರ ಮಾಡಿಸಿಕೊಂಡುಬಿಟ್ಟಿದ್ದರೆ — ಇಲ್ಲ, ಬೀದಿಯವರಿಗೆಲ್ಲ ಸಾರಿದ್ದಾಳೆ, ನಮ್ಮ ಪುಟ್ಟ ಇರೋವಾಗ ಬೇರೆ ಕೈ ನನ್ನ ಬಾಯಿಗೆ ಬೇಡ, ಅರವತ್ತು ದಾಟಿದವನು ಅವಳಿಗೆ ಇನ್ನೂ ಪುಟ್ಟ. ಈ ಕಸುಬಿಗೆ ಹಚ್ಚಿದ್ದೂ ಅವಳೇ, ಹಲ್ಲು ಕಟ್ಟುವ ಯಜಮಾನರೊಬ್ಬರ ಅಂಗಡಿಯಲ್ಲಿ ಪ್ಲಾಸ್ಟರು ಕಲಸುತ್ತಿದ್ದಳು, ಮೊಣಕೈವರೆಗೆ ಬಿಳಿ, ರೆಪ್ಪೆಯೂ ಬಿಳಿ, ಅಪ್ಪ ತೀರಿಕೊಂಡ ವರ್ಷ ಅವನನ್ನು ಕೈಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದ್ದಳು, ಗೆರೆ ನೋಡ್ಕೊಂಡು ಕೂರಿಸೋ ಪುಟ್ಟಾ, ಮುಖ ನೋಡ್ಕೊಂಡಲ್ಲ, ಮುಖ ಮೋಸ ಮಾಡುತ್ತೆ, ಗೆರೆ ಮಾಡಲ್ಲ. ಗೆರೆ ಮಾಡಲ್ಲ. ಆಗ ಅವಳ ನಗು — ಅವಳು ಒಳಗೆ ನಕ್ಕರೆ ಎರಡು ಬೀದಿಯಾಚೆ ಬಸ್ಸಿನವನು ಯಾರೋ ಸ್ಟಾಪು ಕೇಳಿದರು ಅಂತ ಬ್ರೇಕು ಒತ್ತುತ್ತಿದ್ದ, ಯಜಮಾನರೇ ಅವಳ ಹಲ್ಲು ನೋಡಿ ಇಂಥವನ್ನು ನಾನು ಮಾಡೋಕಾಗಲ್ಲ ಕಣಮ್ಮ ಅಂದಿದ್ದರು, ಒಂದೊಂದಾಗಿ ಹೋದವು, ಉಳಿದ ಆರನ್ನು ಹೋದ ವರ್ಷ ಕಿತ್ತರು, ಅವತ್ತಿನಿಂದ ಬಾಯಿಗೆ ಅಂಗೈ ಅಡ್ಡ ಹಿಡಿಯದೆ ಮಾತಾಡಿಲ್ಲ, ಫೋನಿನಲ್ಲಿ ಮಾತಾಡುವಾಗಲೂ ಅಂಗೈ ಅಡ್ಡ, ನಗು ಬಂದರೆ ಗೋಡೆಗೆ ತಿರುಗುತ್ತಾಳೆ. ಮೊದಲ ಸೆಟ್ಟು ಅವನೇ ಒಯ್ದು ಹಾಕಿದ, ಹಾಕಿ ಕನ್ನಡಿ ಕೊಟ್ಟು, ಇದರ ಮುಂದೆ ನಿನ್ನ ಹುಟ್ಟುಹಲ್ಲು ನಾಚಬೇಕು ಅಂದ, ಅವಳು ಕನ್ನಡಿ ನೋಡಿದಳು, ತುಂಬ ಹೊತ್ತು ನೋಡಿದಳು, ಚೆನ್ನಾಗಿದೆ ಪುಟ್ಟಾ. ಹನ್ನೊಂದು ದಿನ ಹಾಕಿಕೊಂಡಿದ್ದಳು. ಹನ್ನೊಂದನೇ ದಿನ ಅವನು ಹೇಳದೆ ಕೇಳದೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಲೋಟ, ಲೋಟದಲ್ಲಿ ಸೆಟ್ಟು, ನೀರು ತೆಳು ಗುಲಾಬಿ — ಕೆನ್ನೆಯ ಒಳಗಡೆ ಕಚ್ಚಿ ಕಚ್ಚಿ ಹುಣ್ಣಾಗಿದೆ, ಇಷ್ಟು ದಿನ ಅದರ ಮೇಲೇ ಊಟ, ಅದರ ಮೇಲೇ ಬೀದಿಯವರ ಮುಂದೆ ತಮ್ಮನ ಬಡಾಯಿ — ಅದೇನಿಲ್ಲ ಪುಟ್ಟಾ ಹೊಸದಲ್ವಾ ಒಗ್ಗಬೇಕು. ಬಿಸಿ ಅಕ್ಕ, ಮೇಣದಲ್ಲಿದ್ದಾಗಲೇ ಬಿಸಿಗೆ ಜಾರಿದೆ, ಇನ್ನೊಂದು ಮಾಡ್ತೀನಿ. ಹ್ಞೂಂ ಮಾಡು. ಇನ್ನೊಂದು ಮೇಣದಲ್ಲೇ ಸೊಟ್ಟಗೆ ಬಂತು, ಅದನ್ನು ಅವಳ ಕಣ್ಣಿಗೆ ಬೀಳಿಸದೆ ಬಿಸಿನೀರಿಗೆ ಹಾಕಿ ಕರಗಿಸಿದ, ಅದಕ್ಕೂ ಬಿಸಿ, ಎಲ್ಲದಕ್ಕೂ ಬಿಸಿ, ಪಾಪದ ಬಲ್ಬು, ಬಾಯಿ ಇದ್ದಿದ್ದರೆ ಮಾನನಷ್ಟ ಮೊಕದ್ದಮೆ ಹಾಕುತ್ತಿತ್ತು. ಇದು ಮೂರನೆಯದು.

ಇವತ್ತು ಬೆಳಗ್ಗೆ ಎಂಟಕ್ಕೇ ಕೂತ, ಮುಖ ತೊಳೆದು, ಹೊಸ ಬೆಳಕು, ಇಪ್ಪತ್ತನಾಲ್ಕು ಡಿಗ್ರಿ, ಮೇಣ ಕಲ್ಲು, ಗಾಳಿ ಅಲುಗಾಡುತ್ತಿಲ್ಲ, ಬಿಸಿ ಅನ್ನೋದು ಈ ಕೋಣೆಯಲ್ಲಿ ಕೇವಲ ನೆನಪು, ದವಡೆಯನ್ನು ಹತ್ತಿರ ಎಳೆದುಕೊಂಡ, ಈಗ ನೋಡು ಅಂದುಕೊಂಡ, ಈಗ ನೆಟ್ಟಗಿರುತ್ತೆ, ಇಷ್ಟು ದಿನ ಹೇಳಿ ಹೇಳಿ ಅವನೇ ಅರ್ಧ ನಂಬಿದ್ದ, ಬಿಸಿಗಾಳಿಗೇ ಕಣ್ಣಿಗೆ ಹಾಗೆ ಕಾಣೋದು, ತಂಪಾದ ಮೇಲೆ — ಗೆರೆ ಮೇಲಿಂದ ನೆಟ್ಟಗೆ ಬಂದು ನಡುವಲ್ಲಿ ಒಳಕ್ಕೆ. ಕಣ್ಣುಜ್ಜಿದ. ಒಳಕ್ಕೆ. ಕನ್ನಡಕ ಒರೆಸಿದ. ಒಳಕ್ಕೆ. ಎಡಗಣ್ಣು ಮುಚ್ಚಿದ, ಆಹಾ, ಒಳಕ್ಕೆ ಹೋದದ್ದಷ್ಟೇ ಅಲ್ಲ, ನಡುವಿನ ಒಂದು ತುಂಡು ಮಾಸಿಯೇ ಹೋಗಿದೆ, ಯಾರೋ ಒದ್ದೆ ಹೆಬ್ಬೆಟ್ಟಿಂದ ಒರೆಸಿದ ಹಾಗೆ. ನಾಲ್ಕು ತಿಂಗಳ ಹಿಂದೆ ಯಾರಿಗೂ ಹೇಳದೆ ಕಣ್ಣಾಸ್ಪತ್ರೆಗೆ ಹೋಗಿ ಬಂದಿದ್ದ, ಕ್ಷೌರಕ್ಕೆ ಅಂತ ಹೇಳಿ ಹೋಗಿ, ಬಂದಾಗ ಹೆಂಡತಿ ಕೂದಲು ಹಾಗೇ ಇದೆಯಲ್ಲ ಅಂದರೆ ಕತ್ತರಿಗೇ ಭಯ ಬಿತ್ತು ಅಂದಿದ್ದ, ಅಲ್ಲಿನ ಡಾಕ್ಟರು ಚೌಕುಳಿ ಗೆರೆಗಳ ಕಾಗದ ಹಿಡಿದು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆ ನೋಡಿ, ಗೆರೆಗಳೆಲ್ಲ ನೆಟ್ಟಗಿವೆಯಾ, ಎಲ್ಲಾದರೂ ಬಾಗಿವೆಯಾ ಅಂತ ಕೇಳಿದ್ದರು. ಮೀನಿನ ಬಲೆ ಎಳೆದ ಹಾಗೆ ಗೆರೆಗಳೆಲ್ಲ ನಡುವಿಗೆ ಕುಸಿದಿದ್ದವು. ಅವನು ಹೇಳಿದ, ನೆಟ್ಟಗಿವೆ, ನಾನೇ ಎಳೆದಿದ್ದರೂ ಇಷ್ಟು ನೆಟ್ಟಗೆ ಬರ್ತಿರಲಿಲ್ಲ. ಡಾಕ್ಟರು, ಒಳಗೆ ನೋಡಬೇಕು, ಕಣ್ಣಿಗೆ ಹನಿ ಹಾಕ್ತೀವಿ, ಒಂದು ಗಂಟೆ ಕೂರಿ ಅಂದರು, ಇವನು ತುರ್ತು ಕೆಲಸ ಅಂತ ಎದ್ದುಬಂದ, ಹಿಂದಿನಿಂದ ಡಾಕ್ಟರು, ಕಾಗದ ತಗೊಂಡು ಹೋಗಿ, ದಿನಾ ನೋಡಿ, ಬಾಗಿ ಕಂಡರೆ ಅವತ್ತೇ ಬನ್ನಿ, ತಡ ಮಾಡಿದರೆ ಹೋದದ್ದು ವಾಪಸು ಬರಲ್ಲ. ಕಾಗದ ಎಲ್ಲಿದೆ ಅಂದರೆ ಅದೇ ಡ್ರಾಯರಿನಲ್ಲಿ, ಬಲ್ಬಿನ ಕೆಳಗೆ, ನಾಲ್ಕು ಮಡಿಕೆ, ನಾಲ್ಕು ತಿಂಗಳು, ಅದನ್ನು ಬಿಚ್ಚಿದರೆ ಮೂವತ್ತೊಂಬತ್ತು ವರ್ಷ ಮುಗಿಯಿತು, ಬಿಚ್ಚದಿದ್ದರೆ ಬಿಸಿ, ಬಿಸಿ ಅಂದರೆ ರಿಪೇರಿ ಮಾಡಬಹುದು, ಏಣಿ ಹಾಕಿ ಸ್ಕ್ರೂ ತಿರುಗಿಸಿ ರಿಪೇರಿ ಮಾಡಬಹುದು, ಮಗಳು ಮಾಡಿಯೇಬಿಟ್ಟಳಲ್ಲ. ಆದರೂ ಬೆಳಗ್ಗೆ ಹಲ್ಲು ಕೂರಿಸಿದ, ಬೆರಳಿಗೆ ಗೊತ್ತು ಅಂದುಕೊಂಡ, ಬೆರಳಿಗೆ ಎಷ್ಟು ಗೊತ್ತೋ ಅಷ್ಟನ್ನು ಅದು ಮಾಡಿತು, ಉಳಿದದ್ದನ್ನು ಕಣ್ಣು ಕೆಡಿಸಿತು, ಆಮೇಲೆ ಗೆರೆಯ ಎರಡು ತುದಿಗೆ ಸ್ಕೇಲಿಟ್ಟು ಅದರ ಅಂಚನ್ನು ಉಗುರಲ್ಲಿ ತಡವಿ ನೋಡಿದ, ಮುಂದಿನ ಎರಡು ಹಲ್ಲು ಗೆರೆ ಬಿಟ್ಟು ಎಡಕ್ಕೆ, ಒಂದು ಅಕ್ಕಿಕಾಳಿನಷ್ಟು, ಮೊದಲಿನ ಸೆಟ್ಟಿನ ಹಾಗೆಯೇ, ಅಷ್ಟೇ, ಅದೇ ಎಡಕ್ಕೆ.

ಮೂರೂ ಕಾಲು. ಹೆಬ್ಬೆರಳಿಂದ ಮೇಣ ಒತ್ತಿದ, ಒಂದು ಗುರುತೂ ಬೀಳಲಿಲ್ಲ, ಬಲ್ಬು ಎರಡು ಮೊಳ ಮೇಲಿದೆ, ಅವನ ಬೋಳುನೆತ್ತಿ ಬೇಯುತ್ತಿದೆ, ಬೆನ್ನು ತೊಯ್ದಿದೆ, ಮೇಣ ಮಾತ್ರ ಯಾರ ಮನೆಗೋ ಬಂದ ನೆಂಟರ ಹಾಗೆ ಬಿಗುವಾಗಿ ಕೂತಿದೆ — ಅಂದರೆ ಇಷ್ಟು ತಿಂಗಳೂ ಕರಗಿರಲೇ ಇಲ್ಲ, ಒಂದು ಹಲ್ಲೂ ನಡೆದಿರಲಿಲ್ಲ, ತಾನು ಹೇಳಿದ ಸುಳ್ಳನ್ನು ಒಂದೇ ಒಂದು ಸಲ ನಿಜ ಮಾಡಿಕೊಡು ಅಂತ ಕೈಮುಗಿದರೂ ಮೇಣ ಒಪ್ಪುತ್ತಿಲ್ಲ, ಊರನ್ನೇ ಒಪ್ಪಿಸಿದವನ ಮಾತನ್ನು ಎರಡು ಬೆರಳಗಲದ ಮೇಣ ಒಪ್ಪುತ್ತಿಲ್ಲ. ಸ್ಪಿರಿಟ್ ದೀಪಕ್ಕೆ ಹಿಡಿಯಲಾ, ಹಿಡಿದರೆ ಮಸಿ, ಅಕ್ಕನಿಗೆ ಗೊತ್ತಾಗುತ್ತೆ, ಅಕ್ಕ ಪ್ಲಾಸ್ಟರು ಕಲಸಿದವಳು, ಮೇಣದ ಹೊಳಪು ನೋಡಿದರೆ ಸಾಕು ಉರಿ ತಗುಲಿದ್ದೋ ಇಲ್ಲವೋ — ಗೇಟಿನ ಸದ್ದು. ಇಷ್ಟು ಬೇಗ. ಹಾದಿಯಲ್ಲಿ ಮಗಳ ದನಿ, ನಿಧಾನ ಅತ್ತೆ, ಇಲ್ಲೊಂದು ಮೆಟ್ಟಿಲಿದೆ, ಅಕ್ಕನ ಅಂಗೈಯೊಳಗಿನ ದನಿ, ಈ ಮನೆಯ ಮೆಟ್ಟಿಲು ನಂಗೆ ಹೇಳಿಕೊಡ್ತೀಯೇನೇ, ಸ್ವಿಚ್ಚು, ಬಲ್ಬು ಕಿತ್ತ, ಬನಿಯನ್ ಚಿಂದಿಯಲ್ಲಿ ಹಿಡಿದಿದ್ದರೂ ಬೆರಳು ಚುರುಕ್ ಅಂತು, ಡ್ರಾಯರು ಸಿಕ್ಕಿಕೊಂಡಿತು, ಎಳೆದರೆ ಬರುತ್ತಿಲ್ಲ, ಬರುತ್ತಿಲ್ಲ, ಏಪ್ರನ್ನಿನ ಜೇಬಿಗೆ ಇಳಿಸಿದ, ಬಾಗಿಲು ತೆರೆಯಿತು.

ಅಪ್ಪ, ಇದೇನು ಸೆಕೆ ಇಲ್ಲಿ. ಹೇಳಿರಲಿಲ್ವಾ, ನಿನ್ನ ಎಲ್‌ಇಡಿಯೂ ಅಷ್ಟೇ, ಮಧ್ಯಾಹ್ನದ ಮೇಲೆ ಬುದ್ಧಿ ತೋರಿಸುತ್ತೆ. ಮಗಳು ಥರ್ಮಾಮೀಟರಿಗೆ ಬಗ್ಗಿದಳು, ಮೂವತ್ತೇಳು, ಶೆಲ್ಫಿನ ಕೆಳಗೆ ಕೈಹಾಕಿ ಪಟ್ಟಿಯನ್ನು ಉದ್ದಕ್ಕೂ ತಡವಿದಳು, ತಣ್ಣಗಿದೆ, ಫ್ಯಾನು ನೋಡಿದಳು, ತಿರುಗುತ್ತಿದೆ, ಅವನ ನೆತ್ತಿ ನೋಡಿದಳು, ನೆತ್ತಿಯ ಮೇಲಿನ ಖಾಲಿ ಹೋಲ್ಡರು ನೋಡಿದಳು, ಒಂದು ಬೆರಳು ತಾಗಿಸಿ ಕೈ ಸರಕ್ಕನೆ ಎಳೆದುಕೊಂಡಳು. ಅಪ್ಪ, ಜೇಬಲ್ಲಿ ಏನು? ಸುಟ್ಟ ಬಟ್ಟೆಯ ವಾಸನೆ ಅವನ ಮೂಗಿಗೂ ಬಂತು, ತೊಡೆ ಚುರುಗುಡುತ್ತಿತ್ತು, ಜೇಬಲ್ಲಾ, ಜೇಬಲ್ಲಿ ಸೂರ್ಯ ಕಣಮ್ಮ, ಸಾಯಂಕಾಲ ಮುಳುಗೋಕೆ ಜಾಗ ಕೇಳ್ತು. ಯಾರೂ ನಗಲಿಲ್ಲ. ಅವಳೇ ಜೇಬಿಗೆ ಕೈಹಾಕಿ ಚಿಂದಿಯ ಸಮೇತ ತೆಗೆದು ಮೇಜಿನ ಮೇಲಿಟ್ಟಳು, ಬಲ್ಬು ಅರ್ಧ ಸುತ್ತು ಉರುಳಿ ಅಕ್ಕನ ದವಡೆಗೆ ತಾಗಿ ನಿಂತಿತು, ಎರಡು ಭಾನುವಾರ ಏಣಿ ಮೇಲೆ ನಿಂತಿದ್ದೆ ಅಪ್ಪ, ಯಾರಿಗೆ ಅಂತ ಮಾಡಿದೆ ನಾನು. ಅವನು ಬಾಯಿ ತೆರೆದ, ಹೇಳೋಕೆ ಎಷ್ಟೊಂದಿದ್ದವು, ಬಲ್ಬು ತಾನಾಗಿ ಬಂದು ಕೂತಿತು, ಬಲ್ಬಿಗೆ ಹಳೇ ಮನೆಯ ನೆನಪಾಯಿತು, ಒಂದೂ ನಾಲಗೆಗೆ ಬರಲಿಲ್ಲ. ಅಕ್ಕ ಮುಂದೆ ಬಂದು ಸ್ಟೂಲೆಳೆದು ಕೂತಳು, ಹಿತ್ತಾಳೆ ಚೌಕಟ್ಟನ್ನು ತನ್ನ ಕಡೆ ತಿರುಗಿಸಿಕೊಂಡು ಹೆಬ್ಬೆರಳಿಂದ ಮೇಣ ಒತ್ತಿ ನೋಡಿದಳು, ಕಲ್ಲಿದ್ದ ಹಾಗಿದೆ, ಇದು ಬಿಸಿಗೆ ಜಾರಿದ್ದಲ್ಲ ಪುಟ್ಟಾ, ಮೊದಲನೆಯದೂ ಅಲ್ಲ. ಗೊತ್ತಿತ್ತಾ ಅಕ್ಕ ನಿಂಗೆ? ಕನ್ನಡಿ ಕೊಟ್ಟೆಯಲ್ಲ, ಅವತ್ತೇ ಗೊತ್ತಿತ್ತು, ನೀನು ಹೇಳ್ತೀಯ ಅಂತ ಕಾದೆ. ಹನ್ನೊಂದು ದಿನ. ಹ್ಞೂಂ. ಆಮೇಲೆ ದವಡೆಯನ್ನು ಅವನ ಕಣ್ಣಿನ ನೇರಕ್ಕೆ ಎತ್ತಿ ಹಿಡಿದಳು, ಅದಕ್ಕೆ ಅವಳ ಎರಡೂ ಕೈ ಬೇಕಾಯಿತು, ಬಾಯಿಗೆ ಅಡ್ಡ ಹಿಡಿಯೋಕೆ ಕೈ ಉಳಿಯಲಿಲ್ಲ. ಈ ಗೆರೆ ನೋಡು, ಸ್ಕೇಲಿಟ್ಟು ಎಳೆದದ್ದು, ನಿಂಗೆ ಹೇಗೆ ಕಾಣುತ್ತೆ?

ನೆರಳು ಬೆವೆತಿರಲಿಲ್ಲ ಅಕ್ಕ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಅವತ್ತು ಗೋಡೆ ಒರೆಸಿದ್ದು ನಿಜ, ಮೂರು ಸಲ ಒರೆಸಿದ್ದೂ ನಿಜ, ನೆರಳಿನ ಅಂಚು ಒಂದು ಕಡೆ ಒಳಕ್ಕೆ ಹೋಗಿತ್ತು, ಗೋಡೆಯಲ್ಲೇ ಏನೋ ಇದೆ ಅಂದ್ಕೊಂಡೆ, ಒರೆಸಿದರೆ ಹೋಗುತ್ತೆ ಅಂದ್ಕೊಂಡೆ, ಹೋಗಲಿಲ್ಲ, ಬೆವರು ಅಂತ ಕಥೆ ಕಟ್ಟಿದೆ. ಬಿಸಿ ಇಲ್ಲ. ಯಾವತ್ತೂ ಬಿಸಿ ಅಲ್ಲ. ಕಣ್ಣು. ಡ್ರಾಯರಿನಲ್ಲಿ ಕಾಗದ ಇದೆ, ಬಲ್ಬಿದ್ದ ಜಾಗದ ಕೆಳಗೆ, ತೆಗೆದು ನೋಡಿ. ಮಗಳು ಡ್ರಾಯರಿಗೆ ಬಗ್ಗಿದಳು, ಸಿಕ್ಕಿಕೊಂಡ ಡ್ರಾಯರನ್ನು ಎಳೆಯುವ ಸದ್ದು, ಕಾಗದ ಬಿಚ್ಚುವ ಸದ್ದು, ಒಂದು ಮಡಿಕೆ, ಎರಡು, ಅವನು ಅಕ್ಕನ ಮುಖ ನೋಡಿದ, ಹಣೆ ಕಂಡಿತು, ಕಿವಿ ಕಂಡಿತು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ನೋಡಬೇಕು, ಒಂದು ವರ್ಷದ ಮೇಲೆ ಮೊದಲ ಸಲ ಕೈ ಅಡ್ಡ ಇಲ್ಲದ ಬಾಯಿ, ಬಾಯಿ ಇರಬೇಕಾದಲ್ಲಿ ಒದ್ದೆ ಹೆಬ್ಬೆಟ್ಟಿಂದ ಒರೆಸಿದ ಮಾಸಲು, ಪಕ್ಕಕ್ಕೆ ನೋಡಿದರೆ ಬಾಯಿ ಬರುತ್ತೆ, ನೇರ ನೋಡಿದರೆ ಹೋಗುತ್ತೆ, ಹೇಳೋ ಪುಟ್ಟಾ, ಅಕ್ಕ ಕೇಳುತ್ತಿದ್ದಾಳೆ, ಗೆರೆ ಹೇಗಿದೆ — ಬಾಗಿದೆ ಅಕ್ಕ — ಎಲ್ಲಿ — ನಡುವಲ್ಲಿ — ಮೇಲಿಂದ ನೆಟ್ಟಗೆ ಬಂದು, ನಡುವಲ್ಲಿ, ಬೆರಳಿಂದ ಒತ್ತಿದ ಹಾಗೆ, ಒಳಕ್ಕೆ, ನಡುವಲ್ಲಿ, ಒಳಕ್ಕೆ